ಏಳನೆಯ ಫಾರಂ

ತೊಂಬತ್ತೇಳನೆಯ ಪುಟ ತೆರೆದ ಕೂಡಲೇ ಪ್ರೆಸ್ಸಿನ ಮಾಲೀಕ ಪುಸ್ತಕವನ್ನು ತಟ್ಟನೆ ಮುಚ್ಚಿದ.

ವೇದಿಕೆಯ ಮೇಲೆ ನಿವೃತ್ತ ಮುಖ್ಯ ಎಂಜಿನಿಯರ್ ಸಾಹೇಬರು ಆಗಷ್ಟೇ ಬಿಡುಗಡೆಯಾದ ತಮ್ಮ ಆತ್ಮಕಥೆಯನ್ನು ಎದೆಗೆ ಹಿಡಿದು ಫೋಟೋಕ್ಕೆ ನಿಂತಿದ್ದರು. ಪರಿವಿಡಿಯ ಪ್ರಕಾರ ತೊಂಬತ್ತೇಳನೆಯ ಪುಟದಲ್ಲಿ ‘ಪ್ರವಾಹದ ದಿನ’ ಎಂಬ ಅಧ್ಯಾಯ ಶುರುವಾಗಬೇಕು. ಅಲ್ಲಿ ಇದ್ದದ್ದು ಹೀಗೆ: ‘ಪಂಪ್ ಬಿಚ್ಚುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ. ಹಳೆಯ ಗ್ರೀಸ್ ಒರೆಸಿ. ನಟ್ಟುಗಳನ್ನು ತಟ್ಟೆಯೊಂದರಲ್ಲಿ ಇಟ್ಟುಕೊಳ್ಳಿ.’

ಮಾಲೀಕನಿಗೆ ಅರ್ಥವಾಯಿತು. ಆ ತಿಂಗಳು ಪ್ರೆಸ್ಸಿನಲ್ಲಿ ಎರಡು ಪುಸ್ತಕ ಒಟ್ಟಿಗೆ ಅಚ್ಚಾಗಿದ್ದವು. ಒಂದು ಇದು. ಇನ್ನೊಂದು, ನೀರು ಸರಬರಾಜು ಮೆಕ್ಯಾನಿಕ್‌ಗಳ ಸಂಘದವರ ಪಂಪ್ ರಿಪೇರಿ ಕೈಪಿಡಿ. ಒಂದೇ ಅಳತೆ, ಒಂದೇ ಕಾಗದ, ಎರಡೂ ಐನೂರು ಪ್ರತಿ. ಹದಿನಾರು ಪುಟ ಸೇರಿ ಅಚ್ಚಾಗುವ ಒಂದು ಹಾಳೆಗೆ ಫಾರಂ ಎನ್ನುತ್ತಾರೆ. ಕೈಪಿಡಿಯ ಏಳನೆಯ ಫಾರಂ ಇಲ್ಲಿಗೆ ಬಂದಿದೆ. ಇದರದ್ದು ಅಲ್ಲಿಗೆ ಹೋಗಿದೆ.

ಫಾರಂ ಮಡಿಸಿ, ಜೋಡಿಸಿ, ಹೊಲಿಯುವವಳು ಅವನ ಅಕ್ಕ. ಭಾವ ತೀರಿಕೊಂಡ ಮೇಲೆ ಬಂದು ಕೂತವಳು. ಇಪ್ಪತ್ತೆರಡು ವರ್ಷಗಳಲ್ಲಿ ಪುಟ ಹಿಂದುಮುಂದಾಗಿದೆ ಎಂದು ಒಬ್ಬ ಗಿರಾಕಿಯೂ ತಿರುಗಿ ಬಂದದ್ದಿಲ್ಲ. ಆದರೆ ಈ ಸಲ ಒಂದು ಮಧ್ಯಾಹ್ನವಿಡೀ ಅವಳು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಅವನೇ ನೋಡಿದ್ದ. “ಶಾಯಿ ಘಾಟು ಕಣೋ” ಎಂದಿದ್ದಳು. ವಯಸ್ಸಾಯಿತು, ಕನ್ನಡಕ ಮಾಡಿಸಬೇಕು ಅಂದುಕೊಂಡು ಮರೆತುಬಿಟ್ಟಿದ್ದ. ಅಚ್ಚಿಗೆ ಬಂದದ್ದನ್ನೆಲ್ಲ ಓದುತ್ತ ಕೂತರೆ ಪ್ರೆಸ್ಸು ನಡೆದಂತೆಯೇ ಎಂಬುದು ಅವನ ವಾದ. ಹಾಗಾಗಿ ತಾನೂ ಕಣ್ಣಾಡಿಸಿರಲಿಲ್ಲ.

ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದಳು. ಯಾವ ಸಮಾರಂಭಕ್ಕೂ ಬಾರದವಳು ಇವತ್ತು ಒಳ್ಳೆಯ ಸೀರೆಯುಟ್ಟು ಬಂದಿದ್ದಳು. ಅವನು ಬಗ್ಗಿ ಬಂದು ಪಕ್ಕದಲ್ಲಿ ಕೂತ.

“ಅಕ್ಕಾ, ಮರ್ಯಾದೆ ಹೋಯ್ತು. ಏಳನೇ ಫಾರಂ ಅದಲುಬದಲಾಗಿದೆ.”

“ಯಾರಾದ್ರೂ ಹೇಳಿದ್ರಾ?”

“ಇನ್ನೂ ಇಲ್ಲ.”

“ಹಾಗಾದ್ರೆ ಸುಮ್ನೆ ಕೂತ್ಕೊ. ಭಾಷಣ ಮಾಡೋರೆಲ್ಲ ಹದಿನೈದು ದಿನದ ಹಿಂದೆಯೇ ಪುಸ್ತಕ ತರಿಸ್ಕೊಂಡಿದ್ದಾರೆ.”

ಹೌದಲ್ಲ! ಓದಿದವರಿಗೆ ಗೊತ್ತಾಗದೆ ಇರುತ್ತದೆಯೇ?

ಮೊದಲು ಪ್ರಾಧ್ಯಾಪಕರು ಎದ್ದರು. ಆತ್ಮಕಥೆ ಎಂದರೆ ಬೆತ್ತಲೆ ನಿಲ್ಲುವ ಧೈರ್ಯ ಎಂದರು. ಅದರಲ್ಲೂ ‘ಪ್ರವಾಹದ ದಿನ’! “ಎರಡು ಸಲ ಓದಿದೆ. ಎರಡು ಸಲವೂ ಅತ್ತೆ.”

ಮಾಲೀಕ ತೊಂಬತ್ತೇಳನೆಯ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದ.

ಎರಡನೆಯವರು ವಿಮರ್ಶಕರು. ಅವರು ನಿಜವಾಗಿಯೂ ಪುಟ ತಿರುವಿದ್ದರು. “ಆ ಅಧ್ಯಾಯದಲ್ಲಿ ಲೇಖಕರು ಭಾವುಕತೆಯನ್ನು ಪೂರ್ತಿ ಕಳಚಿಟ್ಟಿದ್ದಾರೆ. ಮನುಷ್ಯ ಮಾತಾಡುವುದಿಲ್ಲ, ಯಂತ್ರ ಮಾತಾಡುತ್ತದೆ. ನಟ್ಟು, ಗ್ರೀಸು, ಅಷ್ಟೇ. ನಮ್ಮ ಆತ್ಮಕಥೆಗಳಲ್ಲಿ ಇಂಥ ಪ್ರಯೋಗ ಹಿಂದೆ ನಡೆದಿಲ್ಲ.”

ಚಪ್ಪಾಳೆ ಬಿತ್ತು. ಸಾಹೇಬರು ಕೈ ಮುಗಿದರು. ಅವರೂ ಪುಸ್ತಕ ತೆರೆದಿರಲಿಲ್ಲ ಎಂಬುದು ಮಾಲೀಕನಿಗೆ ಖಾತ್ರಿಯಾಯಿತು.

“ಬದುಕಿದೆ ಅಕ್ಕಾ,” ಎಂದು ಅವನು ಉಸಿರು ಬಿಟ್ಟ. ಮರುಕ್ಷಣವೇ ಬೆನ್ನು ನೆಟ್ಟಗಾಯಿತು. “ಆ ಕೈಪಿಡಿ? ಮೆಕ್ಯಾನಿಕ್‌ಗಳಿಗೆ ಹೋಯ್ತಾ?”

“ಬುಧವಾರವೇ ಕಳಿಸಿದೆ.”

“ಅಯ್ಯೋ, ಅವರು ಓದ್ತಾರೆ ಕಣೇ! ಬೆರಳಿಟ್ಟು ಸಾಲು ಸಾಲು ಓದ್ತಾರೆ. ನಾಳೆಯೇ ಎಲ್ಲ ವಾಪಸ್ ತರಿಸ್ಬೇಕು.”

ಅಕ್ಕ ಬಾಗಿಲ ಕಡೆ ನೋಡುತ್ತಿದ್ದಳು.

“ಇನ್ನು ಓದುಗರ ಅಭಿಪ್ರಾಯ,” ಎಂದರು ನಿರೂಪಕರು. “ಯಾರಾದರೂ ಎರಡು ಮಾತು?”

ಬಾಗಿಲ ಬಳಿಯಿಂದ ಒಂದು ಕೈ ಮೇಲೆದ್ದಿತು. ನೀಲಿ ಸಮವಸ್ತ್ರದ ಹಿರಿಯ ಮೆಕ್ಯಾನಿಕ್. ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಮಂದಿ. ಎಲ್ಲರ ಕೈಯಲ್ಲೂ ಪಂಪಿನ ಚಿತ್ರದ ರಟ್ಟಿನ ಕೈಪಿಡಿ.

ಮಾಲೀಕ ಕಣ್ಣು ಮುಚ್ಚಿಕೊಂಡ.

“ನಾವು ಪೂರ್ತಿ ಓದಿಲ್ಲ ಸಾರ್,” ಎಂದ ಹಿರಿಯ. “ಪಂಪ್ ಬಿಚ್ಚೋ ಪಾಠ ಹುಡುಕ್ತಾ ಇದ್ವಿ, ನಿಮ್ಮ ಹದಿನಾರು ಪುಟ ಸಿಕ್ತು. ತೊಂಬತ್ತೇಳರಿಂದ ನೂರ ಹನ್ನೆರಡು. ಒಳಗೆ ಇವತ್ತಿನ ಆಮಂತ್ರಣಾನೂ ಇತ್ತು.”

“ಸಂತೋಷ, ಸಂತೋಷ! ಹೇಗನ್ನಿಸಿತು?” ಎಂದರು ಸಾಹೇಬರು.

“ಅಕ್ಷರ ಚೆನ್ನಾಗಿದೆ ಸಾರ್. ವಿಷಯ ಸುಳ್ಳು.”

ಮುಂದಿನ ಸಾಲಿನವರೆಲ್ಲ ಹಿಂತಿರುಗಿ ನೋಡಿದರು.

“ಪಂಪ್‌ಹೌಸಿಗೆ ನೀರು ನುಗ್ಗಿದಾಗ ಆಪರೇಟರ್ ಹೆದರಿ ಓಡಿಹೋದ, ಓಡುವಾಗಲೇ ಕೊಚ್ಚಿಕೊಂಡು ಹೋದ, ನೀವೊಬ್ರೇ ಕೆಳಗಿಳಿದು ವಾಲ್ವ್ ಮುಚ್ಚಿದ್ರಿ ಅಂತ ಬರೆದಿದ್ದೀರಿ. ಜೀಪ್ ಹತ್ತಿ ಹೋದೋರು ನೀವು ಸಾರ್. ಇಳಿದೋನು ಅವನು. ಮೇಲೆ ಹಗ್ಗ ಹಿಡ್ಕೊಂಡಿದ್ದೋರು ನಾವು ಆರು ಜನ. ವಾಲ್ವ್ ಮುಚ್ಚಿತು, ಊರು ಉಳೀತು. ಹಗ್ಗ ಮಾತ್ರ ಬರಿದಾಗಿ ಮೇಲೆ ಬಂತು.” ಅವನು ಕೈಪಿಡಿಯನ್ನು ಮೇಲೆತ್ತಿ ತೋರಿಸಿದ. “ಅವತ್ತು ರಿಪೋರ್ಟಿನಲ್ಲೂ ಇದನ್ನೇ ಬರೆದಿರ್ಬೇಕು ನೀವು, ನಮಗೆ ಯಾರೂ ತೋರಿಸ್ಲಿಲ್ಲ. ಅವನ ಹೆಂಡತಿಗೆ ಪಿಂಚಣಿ ಯಾಕೆ ಬರ್ಲಿಲ್ಲ ಅಂತ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು.”

ಸಾಹೇಬರು ಈಗ ಆತುರಾತುರವಾಗಿ ತಮ್ಮ ಪುಸ್ತಕದ ತೊಂಬತ್ತೇಳನೆಯ ಪುಟ ಹುಡುಕುತ್ತಿದ್ದರು.

ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಕೊನೆಯ ಸಾಲಿನತ್ತ ತಿರುಗಿ ನಿಂತರು. ಮಾಲೀಕ ನಿಧಾನವಾಗಿ ಪಕ್ಕಕ್ಕೆ ನೋಡಿದ. ಅಕ್ಕ ಎದ್ದು ನಿಂತಿದ್ದಳು.

“ಕೈ ತಪ್ಪಿ ಹೋಗಿದ್ದಲ್ಲ ಕಣೋ,” ಎಂದಳು, “ನಿನ್ನ ಭಾವನ ಕಥೆ ಓದೋರ ಕೈಗೆ ಸೇರಲಿ ಅಂತ ನಾನೇ ಹೊಲಿದು ಕಳಿಸಿದ್ದು.”