ಹದಿನೇಳರ ಮಗ್ಗಿ

“ಹದಿನೇಳೆಂಟ್ಲ ನೂರಾ ಇಪ್ಪತ್ತಾರು,” ಎಂದಿತು ಮೂರನೆಯ ಬಚ್ಚಲಿನೊಳಗಿನ ದನಿ. ಹೊರಗೆ ಬಕೆಟ್ ಹಿಡಿದು ನಿಂತಿದ್ದ ಹುಡುಗಿಯರ ಸಾಲು ಗೊಳ್ಳೆಂದು ನಕ್ಕಿತು.

“ಏ ಗುಬ್ಬಿ, ನೂರಾ ಮೂವತ್ತಾರು ಕಣೇ!” ಟೀಚರ್ ಕೂಗಿದಳು. ಅವಳು ಟೀಚರೇನೂ ಅಲ್ಲ, ಗುಬ್ಬಿಯ ರೂಮ್‌ಮೇಟ್. ಕಂಡವರ ತಪ್ಪನ್ನೆಲ್ಲ ತಿದ್ದುವ ಚಾಳಿಗೆ ಹಾಸ್ಟೆಲ್ಲು ಕೊಟ್ಟ ಹೆಸರು ಅದು. “ಲೆಕ್ಕದಲ್ಲಿ ಕ್ಲಾಸಿಗೇ ಫಸ್ಟು ಬರೋಳು, ಮಗ್ಗಿ ನೋಡ್ರೇ ಹೆಂಗೆ ಹೇಳ್ತಾಳೆ.”

ದನಿ ನಿಲ್ಲಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲ. ಆ ಬಚ್ಚಲುಗಳ ಚಿಲಕಗಳೆಲ್ಲ ಎಂದೋ ಕಿತ್ತುಹೋಗಿದ್ದವು. ಒಳಗಿರುವವಳು ಏನಾದರೊಂದು ಸದ್ದು ಮಾಡುತ್ತಿರಬೇಕು, ಸದ್ದು ಕೇಳುತ್ತಿರುವಷ್ಟು ಹೊತ್ತು ಹೊರಗಿನವರು ಬಾಗಿಲು ಮುಟ್ಟಬಾರದು. ಹುಡುಗಿಯರೇ ಮಾಡಿಕೊಂಡಿದ್ದ ಕಾನೂನು. ಹೆಚ್ಚಿನವರು ಹಾಡುತ್ತಿದ್ದರು, ಒಬ್ಬಳು ಮೈ ತೊಳೆದು ಮುಗಿಯುವ ತನಕ ವಾರ್ಡನ್ನಿಗೆ ಬೈಯುತ್ತಿದ್ದಳು. ಹಾಡಲು ಬಾರದ ಗುಬ್ಬಿ ಮಗ್ಗಿ ಹೇಳುತ್ತಿದ್ದಳು. ಹೋದ ವಾರ ಮುಖಕ್ಕೆ ಸೋಪು ಹಚ್ಚಿಕೊಳ್ಳುವಾಗ ಅವಳು ಬಾಯಿ ಮುಚ್ಚಿದ್ದೇ ತಡ, ಒಳಗೆ ಯಾರೂ ಇಲ್ಲವೆಂದುಕೊಂಡು ಒಬ್ಬಳು ಬಾಗಿಲು ನೂಕಿದ್ದಳು. ಇಡೀ ಸಾಲಿನ ಕಣ್ಣು ಗುಬ್ಬಿಯ ಮೇಲೆ ಬಿದ್ದಿತ್ತು. ಆಮೇಲೆ ಅವಳು ಕೆಲವು ದಿನ ಸ್ನಾನವನ್ನೇ ಬಿಟ್ಟಿದ್ದಳು.

“ಗುಬ್ಬೀ, ನಂಗೆ ಪರೀಕ್ಷೆ ಇದೆ ತಾಯಿ, ಬೇಗ ಈಚೆ ಬಾ,” ಕೊನೆಯ ವರ್ಷದ ದೊಡ್ಡಕ್ಕ ಬಾಗಿಲ ಬಳಿ ಬಂದು ಗೋಗರೆದಳು.

ಮಗ್ಗಿ ಹತ್ತಕ್ಕೆ ಮುಟ್ಟಿ ಮತ್ತೆ ಒಂದರಿಂದ ಶುರುವಾಯಿತು. “ಹದಿನೇಳೇಳ್ಲ ನೂರಾ ಹತ್ತೊಂಬತ್ತು.” ಸಣ್ಣದೊಂದು ಕೆಮ್ಮು. “ಹದಿನೇಳೆಂಟ್ಲ ನೂರಾ ಇಪ್ಪತ್ತಾರು.”

“ಟೀಚರ್, ನಿನ್ನ ಪಾಠ ಅವಳ ತಲೆಗೆ ಹತ್ತಲಿಲ್ಲ ಬಿಡು!” ಸಾಲು ಮತ್ತೆ ನಕ್ಕಿತು. ಟೀಚರ್ ನಗಲಿಲ್ಲ. ಅರ್ಧ ಮಾರ್ಕಿಗೆ ಲೆಕ್ಚರರ್ ಜೊತೆ ಜಗಳಕ್ಕೆ ನಿಲ್ಲುವ ಹುಡುಗಿ, ಹೇಳಿಕೊಟ್ಟ ಮೇಲೂ ಅದೇ ತಪ್ಪು ಹೇಳುತ್ತಾಳೆಯೇ? ಅವಳು ಬಾಗಿಲಿಗೆ ಕಿವಿಯಿಟ್ಟು ಕಾದಳು. ಮಗ್ಗಿ ಮತ್ತೆ ಏಳಕ್ಕೆ ಬಂತು. ಅದೇ ಜಾಗದಲ್ಲಿ ಅದೇ ಕೆಮ್ಮು. ನೂರಾ ಇಪ್ಪತ್ತಾರು.

“ಅವಳಲ್ಲ ಇದು,” ಟೀಚರ್ ಬಾಗಿಲಿನಿಂದ ಕಿವಿ ತೆಗೆದಳು. “ಫೋನು. ರೆಕಾರ್ಡ್ ಮಾಡ್ಕೊಂಡಿದ್ದಾಳೆ. ನಿನ್ನೆ ಕಂಬಳಿ ಹೊದ್ದು ಏನೋ ಗೊಣಗ್ತಿದ್ಲು, ಓದ್ತಿದ್ದಾಳೆ ಅಂದ್ಕೊಂಡೆ.”

“ನೀರಿನ ಸದ್ದೇ ಇಲ್ವಲ್ಲೇ,” ಎಂದಳು ದೊಡ್ಡಕ್ಕ.

ಹಿಂದಿನಿಂದ ಒಬ್ಬಳು ಮೆಲ್ಲಗೆ ಹೇಳಿದಳು, “ಆಗ್ಲೇ ಒಳಗೆ ದಡ್ ಅಂತು. ಬಕೆಟ್ ಬಿತ್ತೇನೋ ಅಂದ್ಕೊಂಡೆ.”

“ಆಗ್ಲೇ ಅಂದ್ರೆ ಯಾವಾಗ?”

“ನಾನು ಹಲ್ಲುಜ್ಜೋಕೆ ಶುರು ಮಾಡಿದಾಗ.”

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹಲ್ಲುಜ್ಜಿ, ಮುಖ ತೊಳೆದು, ಎರಡು ಜೊತೆ ಬಟ್ಟೆ ಒಗೆದು ಹಿಂಡಿ ಬಕೆಟ್ಟಿಗೆ ತುಂಬಿಕೊಂಡಿದ್ದಳು.

ಆಗಲೂ ಬಾಗಿಲಿಗೆ ಯಾರ ಕೈಯೂ ಹೋಗಲಿಲ್ಲ. ಒಳಗೆ ಮಗ್ಗಿ ನಡೆಯುತ್ತಲೇ ಇತ್ತು. ಕೊನೆಗೆ ಟೀಚರ್ ಅಂಗೈಯಿಟ್ಟು ನೂಕಿದಳು. ಬಾಗಿಲು ಅರ್ಧ ತೆರೆದು ಏನಕ್ಕೋ ತಗುಲಿ ನಿಂತಿತು. ಕಾಲಿಗೆ. ಗುಬ್ಬಿ ನಲ್ಲಿಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು. ಮೈಯ ಮೇಲಿನ ಸೋಪಿನ ನೊರೆ ಒಣಗಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಕಿವಿಯ ಹಿಂದಿನಿಂದ ಇಳಿದ ರಕ್ತ ಮೋರಿಯ ಜಾಲರಿಯವರೆಗೆ ಹರಿದು ಅಲ್ಲಿ ಕಪ್ಪಾಗಿತ್ತು. ಮೇಲೆ, ಕಿಟಕಿಯ ಅಂಚಿನಲ್ಲಿ, ಫೋನು ಹದಿನೇಳೊಂಬತ್ಲ ನೂರಾ ಐವತ್ಮೂರು ಎನ್ನುತ್ತಿತ್ತು.

“ಉಸಿರಾಡ್ತಿದ್ದಾಳೆ! ವಾರ್ಡನ್ನ ಕರೀರೇ! ಗಾಡಿ, ಗಾಡಿಗೆ ಹೇಳಿ!” ದೊಡ್ಡಕ್ಕ ಕಿರುಚಿದಳು. ಒಬ್ಬಳು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಉಳಿದವರು ಹೆಗಲ ಮೇಲಿದ್ದ ಟವೆಲ್ಲುಗಳನ್ನು ಒಂದೊಂದಾಗಿ ಒಳಗೆ ಎಸೆದರು. ಹೂವಿನದು, ಪಟ್ಟೆಯದು, ಒದ್ದೆಯದು, ಅಂಚು ಹರಿದದ್ದು. ಟೀಚರ್ ಒಂದನ್ನು ಮಡಿಸಿ ಗಾಯಕ್ಕೆ ಒತ್ತಿ ಹಿಡಿದು, ಉಳಿದವನ್ನೆಲ್ಲ ಅವಳ ಮೇಲೆ ಹೊದಿಸಿದಳು.

ಮಂಚದ ಹಲಗೆಯ ಮೇಲೆ ಎತ್ತಿ ಹೊರಗೆ ತರುವಾಗ ಗುಬ್ಬಿ ಕಣ್ಣು ಬಿಟ್ಟಳು. ಎರಡೂ ಕಡೆ ಸಾಲಾಗಿ ನಿಂತ ಮುಖಗಳನ್ನು ಕಂಡಳು. ಅವಳ ಕೈ ತಡಕಾಡಿ ಟವೆಲ್ಲಿನ ಅಂಚನ್ನು ಗಲ್ಲದವರೆಗೂ ಎಳೆದುಕೊಂಡಿತು.

“ಯಾರ್ಯಾರು ನೋಡಿದ್ರಿ?”

“ಯಾರೂ ನೋಡ್ಲಿಲ್ಲ ಕಣೇ,” ಎಂದಳು ಟೀಚರ್.

ಸಾಲಿನಲ್ಲಿದ್ದ ಒಬ್ಬಳೂ ತಲೆಯೆತ್ತಲಿಲ್ಲ.