ಕರಿಮಣಿಯ ಅಂಚು

ಕಾಶವ್ವನ ಕೆಲಸ ಗಾಜಿನ ಮಣಿಗಳ ತೂತು ಸ್ವಚ್ಛ ಮಾಡುವುದು. ಮಣ್ಣು ಮೆತ್ತಿದ ತಂತಿಗೆ ಕರಗಿದ ಗಾಜು ಸುತ್ತಿ ಮಾಡಿದ ಮಣಿಯ ತೂತಿನಲ್ಲಿ ಸುಟ್ಟ ಮಣ್ಣು ಉಳಿದಿರುತ್ತದೆ, ಅಂಚು ಬ್ಲೇಡಿನಂತಿರುತ್ತದೆ. ನೀರಿನಲ್ಲಿ ಅದ್ದಿ, ಸಣ್ಣ ಅರದಿಂದ ಉಜ್ಜದಿದ್ದರೆ ಎಂಥ ದಾರವೂ ಹರಿದುಹೋಗುತ್ತದೆ.

ಅಂದು ಕೈಗೆ ಬಂದ ಕರಿಮಣಿಗಳು ಯಾವ ಮನೆಯ ಮದುವೆಗೆಂದು ತಿಳಿದ ಕೂಡಲೇ ಅವಳು ಅರ ಕೆಳಗಿಟ್ಟುಬಿಟ್ಟಳು. ಆ ಮನೆಯ ಹುಡುಗಿ ಕಾಶವ್ವನ ಮಗನ ಜೊತೆ ಓಡಾಡಿ, ಅಣ್ಣಂದಿರ ಕೈಗೆ ಸಿಕ್ಕಿಬಿದ್ದಾಗ, "ಇಂವ ಯಾರೋ ನನಗ ಗೊತ್ತಿಲ್ಲ" ಅಂದಿದ್ದಳು. ಅಣ್ಣಂದಿರು ಅವನ ಕಾಲು ಮುರಿದಿದ್ದರು. ಹಸೆಮಣೆಯ ಮೇಲೇ ಹರಿಯಲಿ ಇವಳ ತಾಳಿ, ಊರೆಲ್ಲ ನೋಡಲಿ!

ಮಧ್ಯಾಹ್ನ ಆ ಹುಡುಗಿಯೇ ತಲೆತುಂಬ ದುಪ್ಪಟ್ಟಾ ಹೊದ್ದು ಬಂದಳು. ಎದುರಿಗೆ ಕೂತವಳು ಯಾರ ತಾಯಿ ಎಂಬುದು ಅವಳಿಗೆ ಗೊತ್ತಿರಲಿಲ್ಲ.

"ಯವ್ವಾ, ನನ್ನ ಕರಿಮಣಿ ತೂತು ಉಜ್ಜಬ್ಯಾಡ್ರಿ. ಹಂಗ ಚೂಪು ಇರ್ಲಿ."

"ಯಾಕವ್ವಾ?"

"ತಾಳಿ ಕಟ್ಟೂ ಹೊತ್ತಿಗೆ ಜಗ್ಗಿ ಹರೀತೀನ್ರಿ. ಅಪಶಕುನ ಅಂತ ಹಿರಿಯಾರು ಮದುವಿ ನಿಲ್ಲಸ್ತಾರ. ಅಂವ ಮೊದಲ್ನೇ ಹೆಂಡತೀನ ಹೊಡದು ಓಡಿಸ್ಯಾನ್ರಿ. ಅಂಥಾವನ ಜೋಡಿ ನಾ ಹೆಂಗ ಬಾಳ್ವೆ ಮಾಡ್ಲಿ?"

ಕಾಶವ್ವ ಸೆರಗಿನಿಂದ ಹುಡುಗಿಯ ಕಣ್ಣೊರೆಸಿದಳು. "ಅಳಬ್ಯಾಡ ಮಗಳ. ನಾ ಅದೀನಲ್ಲ, ನಿಶ್ಚಿಂತಿಯಿಂದ ಹೋಗು."

ಹುಡುಗಿ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅವಳು ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದ ಕಾಶವ್ವ ಒಳಗೆ ಬಂದು, ಬೋಗುಣಿಗೆ ನೀರು ಸುರಿದು, ಅರ ಕೈಗೆತ್ತಿಕೊಂಡು, ಒಂದೊಂದೇ ಕರಿಮಣಿಯ ಅಂಚನ್ನು ಬೆಣ್ಣೆಯಂತೆ ನುಣ್ಣಗಾಗುವವರೆಗೆ ಉಜ್ಜತೊಡಗಿದಳು.