ಕೂಗಿನ ಉಳಿದರ್ಧ

ಬಿಸಿನೀರಿನ ಫ್ಲಾಸ್ಕ್ ಹಿಡಿದು ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ ಕಸ ಗುಡಿಸುವ ಅಕ್ಕನಿಗೆ ಮೊದಲು ಕೇಳಿಸಿದ್ದು ಮೈಕಿನ ದನಿ. ಊರೆಲ್ಲ 'ಗಂಟಲು' ಎಂದು ಕರೆಯುವ, ಅವಳು ಮಾತ್ರ ತಮ್ಮಾ ಎನ್ನುವವನ ದನಿ. ಆಮೇಲೆ ಆಟೋ ಕಾಣಿಸಿತು. ಅದರ ಮೇಲಿದ್ದದ್ದು ಅವಳ ಬಾವುಟವಲ್ಲ; ನಗರಸಭೆ ಚುನಾವಣೆಯಲ್ಲಿ ಅವಳೆದುರೇ ನಿಂತಿದ್ದ ಕಸದ ಕಂಟ್ರಾಕ್ಟರನದು.

ಪ್ರತಿ ಮುಷ್ಕರದಲ್ಲೂ ಘೋಷಣೆ ಕೂಗಿದವನು ಇವನೇ. ಅವನ ಗಂಟಲು ಕಟ್ಟದಿರಲಿ ಎಂದು ಬಿಸಿನೀರು ಹೊತ್ತು ಪಕ್ಕದಲ್ಲೇ ನಡೆದವಳು ಇವಳು. "ಹಕ್ಕು ಯಾರ್ದು?" ಎಂದು ಅವನು ಉಸಿರು ಹಿಡಿದು ನಿಂತರೆ ಸಾಕು, "ನಮ್ದು!" ಎಂಬ ಉಳಿದರ್ಧ ಎಲ್ಲರ ಬಾಯಿಂದ ತಾನಾಗಿ ಸಿಡಿಯುತ್ತಿತ್ತು.

ಆಟೋ ಅವಳ ಮುಂದೆಯೇ ನಿಂತಿತು.

"ಯಾಕೋ ತಮ್ಮಾ, ತಪ್ಪಿ ಬೇರೆ ಗಾಡಿ ಹತ್ಬಿಟ್ಯಾ?"

ಅವನು ಮೈಕಿಗೆ ಅಂಗೈ ಅಡ್ಡ ಹಿಡಿದ. "ನಿನ್ನ ಬಿಸಿನೀರು ಗಂಟಲು ತೊಳೀತಕ್ಕಾ, ಹೊಟ್ಟೆ ತುಂಬ್ಲಿಲ್ಲ."

"ಅದನ್ನ ನನ್ ಮುಖ ನೋಡ್ಕೊಂಡು ಹೇಳು."

ಅವನು ನೋಡಲಿಲ್ಲ. ಮೈಕನ್ನು ಬಾಯಿಗಿಟ್ಟುಕೊಂಡು, "ಕಂಟ್ರಾಕ್ಟರಣ್ಣನ ಗೆಲುವು ಯಾರ್ದು?" ಎಂದು ಕೂಗಿ ಎಂದಿನಂತೆ ಉಸಿರು ಹಿಡಿದು ನಿಂತ.

"ನಮ್ದು!"

ಅವಳ ಬೆನ್ನ ಹಿಂದೆ ಪೊರಕೆ ಹಿಡಿದು ನಿಂತಿದ್ದ ಹೆಂಗಸರು ಕೂಗಿಯೇಬಿಟ್ಟಿದ್ದರು. "ಅಯ್ಯಯ್ಯೋ, ಈ ಹಾಳು ಬಾಯಿ!" ಎಂದು ಒಬ್ಬ ಮುದುಕಿ ಸೆರಗು ಕಚ್ಚಿಕೊಂಡಳು. ಆಟೋದೊಳಗೆ ಕಂಟ್ರಾಕ್ಟರ್ ಎಲ್ಲವನ್ನೂ ಫೋನಿನಲ್ಲಿ ಸೆರೆಹಿಡಿಯುತ್ತ ಕಿಸಿಕಿಸಿ ನಗುತ್ತಿದ್ದ. ಹೆಂಗಸರಿಗೆ ಬೈಯಲೆಂದು ಅಕ್ಕ ತಿರುಗಿದಳು. ಅವರೆಲ್ಲ ಅವಳ ತಲೆಯ ಮೇಲೆ ಏನನ್ನೋ ನೋಡುತ್ತಿದ್ದರು. ಅವಳೂ ಕತ್ತೆತ್ತಿದಳು. ಅಲ್ಲಿ ಮೇಲೆದ್ದು ನಿಂತಿದ್ದದ್ದು ಅವಳದೇ ಮುಷ್ಟಿ.